ಮಹದಾಯಿ: 7.56 ಟಿಎಂಸಿ 3.9ಕ್ಕೆ ಇಳಿದ ದಾರಿ

ನರಗುಂದದ ರೈತರ ವೀರಗಲ್ಲಿಗೆ ಪ್ರತಿ ವರ್ಷ ಜುಲೈ 21ರಂದು ಮಾಲೆ ಹಾಕುತ್ತಾರೆ. ಮಲಪ್ರಭಾ ಕಾಲುವೆ ನೀರು ಹೊಲ ಮುಟ್ಟದಿದ್ದರೂ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಹಾಕುವ ಕರ) ಕಟ್ಟಿ ಎಂದದ್ದಕ್ಕೆ 1980ರಲ್ಲಿ ಅಂದೇ ಬಂಡಾಯ ಸಿಡಿದಿತ್ತು, ಗೋಲಿಬಾರ್ ಆಗಿತ್ತು. ಗೋವಾದತ್ತ ಹರಿಯುವ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಹೋರಾಟವನ್ನು 2015ರ ಧರಣಿಯಿಂದ ಎಣಿಸುವವರು ಈ ಕಲ್ಲನ್ನೇ ಮರೆಯುತ್ತಾರೆ.

ಸವದತ್ತಿ ಬಳಿ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಅದು ತುಂಬದ ವರ್ಷಗಳೇ ಹೆಚ್ಚು. ಹುಬ್ಬಳ್ಳಿ-ಧಾರವಾಡದ ನಲ್ಲಿಗೂ ನೀರು ಇಲ್ಲಿಂದಲೇ ಹೋಗಬೇಕು. ಒಳಹರಿವು ಕುಸಿದರೆ ಕುಡಿಯುವ ನೀರನ್ನು ಮೊದಲು ಎತ್ತಿಟ್ಟು ಕಾಲುವೆ ಮುಚ್ಚುತ್ತಾರೆ. ಆಗ ಮೊದಲು ಒಣಗುವುದು ಕಾಲುವೆಯ ತುದಿಯಲ್ಲಿರುವ ಎರೆ ಹೊಲ.

ಇತ್ತ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ಹರಿದರೆ, ಅದೇ ಸೀಮೆಯ ಕಳಸಾ ಹಳ್ಳ ಪಶ್ಚಿಮಕ್ಕೆ ತಿರುಗಿ ಮಹದಾಯಿ ಸೇರುತ್ತದೆ. ಕಳಸಾದಿಂದ 3.56, ಬಂಡೂರಿ ಹಳ್ಳದಿಂದ 4, ಒಟ್ಟು 7.56 ಟಿಎಂಸಿಯನ್ನು ಮಲಪ್ರಭೆಗೆ ತಿರುಗಿಸುವುದು ಯೋಜನೆ. ಒಂದು ಟಿಎಂಸಿ ಎಂದರೆ ಇಡೀ ಒಂದು ದಿನ ಸೆಕೆಂಡಿಗೆ 11,574 ಘನ ಅಡಿಯಂತೆ ಹರಿಯುವಷ್ಟು ನೀರು.

2002ರ ಏಪ್ರಿಲ್‌ನಲ್ಲಿ ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟಿತು. ಗೋವಾ ಆಕ್ಷೇಪಿಸಿದ ಮೇಲೆ ಅದೇ ವರ್ಷ ಒಪ್ಪಿಗೆಯನ್ನು ತಡೆಹಿಡಿಯಿತು. 2006ರಲ್ಲಿ ಕಣಕುಂಬಿಯಲ್ಲಿ ಅಡಿಗಲ್ಲು, 2010ರಲ್ಲಿ ನೀರಿನ ವಿವಾದ ತೀರ್ಮಾನಿಸಲು ನ್ಯಾಯಮಂಡಳಿ. 2016ರ ಜುಲೈ 27ರಂದು ಅಲ್ಲಿ ಕರ್ನಾಟಕದ ಮಧ್ಯಂತರ ಅರ್ಜಿ ತಿರಸ್ಕೃತವಾದಾಗ ನವಲಗುಂದ, ನರಗುಂದ ಹೊತ್ತಿ ಉರಿದವು. ಯಮನೂರಿನಲ್ಲಿ ಪೊಲೀಸರು ಮನೆಮನೆಗೆ ನುಗ್ಗಿ ಹೊಡೆದರು. ಹೆಂಗಸರನ್ನೂ ಬಿಡಲಿಲ್ಲ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ನ್ಯಾಯಮಂಡಳಿಯ 2018ರ ಆಗಸ್ಟ್ 14ರ ಐತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಎಂದಾಗ ಪಟಾಕಿ ಹಾರಿದವು. ಆದರೆ ಅದರಲ್ಲಿ 8.02 ವಿದ್ಯುತ್ ಉತ್ಪಾದನೆಗೆ, 1.5 ಮಹದಾಯಿ ಕೊಳ್ಳದ ಒಳಬಳಕೆಗೆ. ಮಲಪ್ರಭೆಗೆ ತಿರುಗಿಸಲು ಉಳಿದದ್ದು ಕಳಸಾದ 1.72, ಬಂಡೂರಿಯ 2.18, ಕೂಡಿ 3.9. ಅದೂ ಕುಡಿಯಲು ಮಾತ್ರ. ವರ್ಷಗಟ್ಟಲೆ ಧರಣಿ ಕೂತ ರೈತನ ಹೊಲಕ್ಕೆ ನೇರವಾಗಿ ಹನಿಯೂ ಇಲ್ಲ. ಹೊಸ ನೀರಿನಿಂದ ಜಲಾಶಯದ ಮೇಲೆ ಊರುಗಳ ಭಾರ ಇಳಿದರೆ, ಹಾಗೆ ಉಳಿದದ್ದು ಕಾಲುವೆಗೇ ಎಂದು ಲಿಖಿತವಾಗಿ ಖಾತ್ರಿಪಡಿಸಬೇಕು. ರೈತರು ಈಗ ಪಟ್ಟು ಹಿಡಿಯಬೇಕಾದದ್ದು ಇದಕ್ಕೇ.

ಪಾಲು ಇಳಿದ ಮೇಲೆ ನಕ್ಷೆಯೂ ಬದಲಾಯಿತು. ಕಾಡು ಕಡಿಮೆ ಮುಳುಗಲೆಂದು ಪಂಪಿನಿಂದ ನೀರೆತ್ತುವ ಏತ ಯೋಜನೆಯಾಗಿಸಿದರು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಅದನ್ನು ಒಪ್ಪಿತು. 2024ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿ ತೀರ್ಮಾನ ಮುಂದೂಡಿತು.