ಕೋಳಿಗೂಡಿಗೆ ಹೊಡೆದದ್ದು ಬೆಕ್ಕಿಗೆ ತಗಲಿತು

ಬೆಳಿಗ್ಗೆ ಏಳಕ್ಕೆ ಫೋನು. "ಡಾಕ್ಟರೇ, ಬೆಕ್ಕು ನಡುಗುತ್ತಿದೆ, ಕಿವಿ ಅದುರುತ್ತಿದೆ. ಹಾವು ಕಚ್ಚಿರಬಹುದೇ?" ಮಲೆನಾಡಿನ ಮಳೆಗಾಲದಲ್ಲಿ ಎಲ್ಲ ಕಾಯಿಲೆಗೂ ಮೊದಲ ಆರೋಪಿ ಹಾವು. ನಾನು ಕೇಳಿದ್ದು ಬೇರೆ: "ಅಮ್ಮಾ, ನಿನ್ನೆ ಉಣ್ಣೆ, ಹೇನಿನ ಔಷಧಿ ಏನಾದರೂ ಹೊಡೆದಿರಾ?"

ಬೆಕ್ಕಿಗೆ ಹೊಡೆದಿರಲಿಲ್ಲ, ಕೋಳಿಗಳಿಗೆ ಹುಳದ ಕಾಟವೆಂದು ಕೋಳಿಗೂಡಿಗೆ ಹೊಡೆದಿದ್ದರು. ದನಗಳಿಗೆಂದು ತಂದಿಟ್ಟಿದ್ದ ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕವನ್ನು ಕಣ್ಣಂದಾಜಿನಲ್ಲಿ ನೀರಿಗೆ ಬೆರೆಸಿ, ಮೊಟ್ಟೆ ಇಡುವ ಬುಟ್ಟಿಯ ಹುಲ್ಲಿಗೂ ಸಿಂಪಡಿಸಿದ್ದರು. ಹ್ಯಾಟೆಗಳು ಅಟ್ಟಣೆ ಏರಿದ ಮೇಲೆ ಆ ಬುಟ್ಟಿ ಬೆಕ್ಕಿನ ಹಾಸಿಗೆ. ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಔಷಧಿ ಹೊಡೆಯುವಾಗ ಯಾರಿಗೂ ನೆನಪಾಗಲಿಲ್ಲ.

ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಪರ್ಮೆಥ್ರಿನ್ ಒಂದೇ ಬಳಗದವು. ಇವುಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ದನವೋ ನಾಯಿಯೋ ತಡೆದುಕೊಳ್ಳುವ ಪ್ರಮಾಣ ಬೆಕ್ಕಿನ ನರಗಳಿಗೆ ವಿಷವಾಗುತ್ತದೆ. ಸಾಲದ್ದಕ್ಕೆ ಅದು ಮೈಗೆ ಅಂಟಿದ್ದನ್ನೆಲ್ಲ ನೆಕ್ಕುತ್ತದೆ. ಹೀಗಾದಾಗ ಹಾಲು, ಕೊಬ್ಬರಿ ಎಣ್ಣೆ ಕುಡಿಸಬೇಡಿ. ಪಾತ್ರೆ ತೊಳೆಯುವ ಸಾಬೂನು ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿಕೊಂಡು ಆಸ್ಪತ್ರೆಗೆ ಬನ್ನಿ. ಔಷಧಿಯ ಡಬ್ಬಿಯನ್ನೂ ತನ್ನಿ. ಈ ಬೆಕ್ಕಿಗೆ ನಡುಕ ತಡೆಯುವ ಚುಚ್ಚುಮದ್ದು, ಡ್ರಿಪ್ ಎಂದು ಎರಡು ದಿನ ಹಿಡಿಯಿತು. ಬದುಕಿತು.

ಕೋಳಿಗಳ ತೊಂದರೆ ಹಾಗೇ ಉಳಿದಿತ್ತು. ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಗೂಡಿನ ಮರದ ಸಂದಿಗಳಿಂದ ಕೆಂಪು ನುಸಿಗಳು ಹೊರಬರುತ್ತಿದ್ದವು. ಇವು ಹಗಲು ಕೋಳಿಯ ಮೈಮೇಲೆ ಇರುವುದಿಲ್ಲ, ಸಂದಿಯಲ್ಲಿ ಅಡಗಿರುತ್ತವೆ. ಕತ್ತಲಾದ ಮೇಲೆ ಬಂದು ರಕ್ತ ಹೀರುತ್ತವೆ. ಸಂಜೆ ಕೋಳಿ ಗೂಡಿಗೆ ಹೋಗಲು ಹಟ ಮಾಡಿದರೆ, ಜುಟ್ಟು ಬಿಳಿಚಿಕೊಂಡರೆ ಮೊದಲು ಮರದ ಸಂದಿ ನೋಡಿ. ಹುಲ್ಲನ್ನೆಲ್ಲ ಸುಟ್ಟು, ಸಂದಿಗಳಿಗೆ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಸುಣ್ಣ ಬಳಿಸಿದೆವು. ವಾರ ಬಿಟ್ಟು ಮತ್ತೊಮ್ಮೆ. ಮೈಮೇಲಿನ ಹೇನಿಗೆ, ಮಳೆ ಬೀಳದ ಮೂಲೆಯಲ್ಲಿ ಒಲೆಯ ಬೂದಿ ಮತ್ತು ಮರಳು ಬೆರೆಸಿ ಒಂದು ಗುಂಡಿ. ಅದರಲ್ಲಿ ಹೊರಳುವುದನ್ನು ಕೋಳಿಗೆ ಯಾರೂ ಕಲಿಸಬೇಕಿಲ್ಲ. ಅಷ್ಟಕ್ಕೂ ಬಗ್ಗದಿದ್ದರೆ ಕೋಳಿಗೆಂದೇ ಇರುವ ಔಷಧಿಯನ್ನು ಕೇಳಿ ಪಡೆಯಿರಿ. ಬೇರೆ ಔಷಧಿಯ ಅಂಶ ನೀವು ತಿನ್ನುವ ಮೊಟ್ಟೆಗೂ ಇಳಿಯಬಹುದು.

ಇನ್ನೊಂದು ವರಸೆ ಇಲಿಯದು. ರಾತ್ರಿ ಅಂಗಳದಲ್ಲಿ ಉಳಿದ ಕೋಳಿಯ ಕಾಳಿಗೆ ಇಲಿ ಬರುತ್ತದೆ, ಇಲಿಗೆ ಪಾಷಾಣ ಬರುತ್ತದೆ, ಪಾಷಾಣಕ್ಕೆ ನಾಯಿ ಬಾಯಿ ಹಾಕುತ್ತದೆ. ಬ್ರೊಮಾಡಿಯೋಲೋನ್ ಎಂಬ ಇಲಿಪಾಷಾಣ ತಿಂದ ನಾಯಿ ಎರಡು ಮೂರು ದಿನ ಆರಾಮಾಗಿಯೇ ಓಡಾಡಿಕೊಂಡಿರುತ್ತದೆ. ಆಮೇಲೆ ಒಸಡಿನಲ್ಲಿ ರಕ್ತ, ಕಪ್ಪು ಮಲ. ಲಕ್ಷಣಕ್ಕೆ ಕಾಯದೆ ತಿಂದ ದಿನವೇ ಬಂದರೆ ವಿಟಮಿನ್ ಕೆ1 ಕೊಟ್ಟು ಉಳಿಸುವುದು ಸುಲಭ. ಪಾಷಾಣ ಇಡದಿದ್ದರೂ ಇಲಿಯ ಮೂತ್ರದಿಂದ ನಾಯಿಗೂ ಮನುಷ್ಯರಿಗೂ ಇಲಿಜ್ವರ ಬರಬಹುದು. ಸೂರ್ಯ ಮುಳುಗುವ ಮೊದಲು ಕಾಳಿನ ತಟ್ಟೆ ಒಳಗೆ, ಕಾಳು ಮುಚ್ಚಳದ ಡಬ್ಬಿಯಲ್ಲಿ. ಇದಕ್ಕಿಂತ ಅಗ್ಗದ ಚಿಕಿತ್ಸೆ ನನಗೆ ತಿಳಿದಿಲ್ಲ.

ಬೆಕ್ಕು ಕೋಳಿಮರಿಯನ್ನು ಕಚ್ಚಿ ಬಿಟ್ಟಿದ್ದರೆ, ಗಾಯ ಸೂಜಿಮೊನೆಯಷ್ಟೇ ಇದ್ದರೂ ತನ್ನಿ. ಬೆಕ್ಕಿನ ಹಲ್ಲಿನ ಸೋಂಕು ಹಕ್ಕಿಗಳಲ್ಲಿ ಬೇಗ ರಕ್ತಕ್ಕೆ ಏರುತ್ತದೆ. ಸತ್ತ ಕೋಳಿಯನ್ನು "ಹಾಳಾಗುವುದೇಕೆ" ಎಂದು ನಾಯಿ ಬೆಕ್ಕಿಗೆ ಎಸೆಯುವ ರೂಢಿಯನ್ನಂತೂ ನಾನು ಒಪ್ಪುವುದಿಲ್ಲ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ನಾಯಿ ಬೆಕ್ಕುಗಳಿಗೆ ಬರುವುದಿಲ್ಲ, ನಿಜ. ಆದರೆ ಹಕ್ಕಿಜ್ವರ ಬೆಕ್ಕನ್ನು ಕೊಲ್ಲಬಲ್ಲದು, ಮತ್ತು ಕೋಳಿ ಯಾವುದರಿಂದ ಸತ್ತಿತೆಂದು ಅಂಗಳದಲ್ಲಿ ನಿಂತು ಹೇಳಲಾಗದು. ಒಂದರ ಹಿಂದೆ ಒಂದು ಸತ್ತರೆ ಕೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಒಂಟಿ ಸಾವಾದರೆ ಸುಣ್ಣ ಹಾಕಿ ಆಳವಾಗಿ ಹೂಳಿ.

ಕಳೆದ ವಾರ ಕೋಳಿಗಳಿಗೆ ಲಸಿಕೆ ಹಾಕಲು ಆ ಮನೆಗೆ ಹೋಗಿದ್ದೆ. ಹೊಸ ಹುಲ್ಲಿನ ಬುಟ್ಟಿಯಲ್ಲಿ, ಹಾಡಹಗಲಿನಲ್ಲೇ, ಬೆಕ್ಕು ಮಲಗಿತ್ತು. ಮೊಟ್ಟೆ ಇಡಬೇಕಿದ್ದ ಕಂದು ಹ್ಯಾಟೆ ಅಂಚಿನ ಮೇಲೆ ನಿಂತು ಕೊಕ್ಕೊಕ್ಕೊ ಎಂದು ಜಗಳ ತೆಗೆದಿತ್ತು.