ಕಲಾಮೇಳದಲ್ಲಿ ನಮಗೆ ಹಿಡಿಸುವ ಕೃತಿಯನ್ನು ಕಂಡುಕೊಳ್ಳುವುದು ಹೇಗೆ?

ಓದುಗರ ಪ್ರಶ್ನೆ: ಫೆಬ್ರವರಿಯಲ್ಲಿ ದೆಹಲಿಯಲ್ಲಿರುವ ಮಗಳ ಮನೆಗೆ ಹೋಗುವವರಿದ್ದೇವೆ. ಅದೇ ಹೊತ್ತಿಗೆ ಅಲ್ಲಿ ಇಂಡಿಯಾ ಆರ್ಟ್ ಫೇರ್ ನಡೆಯುತ್ತದೆಂದು ಮಗಳು ಹೇಳಿದಳು. ಚಿತ್ರ ನೋಡುವುದೆಂದರೆ ಇಷ್ಟ, ಆದರೆ ಕಲೆಯ ಬಗ್ಗೆ ಓದಿಕೊಂಡವಳಲ್ಲ. ಕೊಳ್ಳುವ ಉದ್ದೇಶವಿಲ್ಲದೆ ಅಲ್ಲಿಗೆ ಹೋಗಬಹುದೇ? ಅಷ್ಟೊಂದು ಕೃತಿಗಳ ನಡುವೆ ನನಗೆ ನಿಜವಾಗಿ ಇಷ್ಟವಾದದ್ದು ಯಾವುದೆಂದು ತಿಳಿದುಕೊಳ್ಳುವುದು ಹೇಗೆ?

ಉತ್ತರ: ಧಾರಾಳವಾಗಿ ಹೋಗಬಹುದು. ಟಿಕೆಟ್ ಕೊಂಡು ಒಳಗೆ ಬರುವವರಲ್ಲಿ ಬಹುಪಾಲು ಜನ ನೋಡಲೆಂದೇ ಬರುತ್ತಾರೆ. ಏನನ್ನೂ ಕೊಳ್ಳದೆ ಹೊರಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಮೇಳವನ್ನು ಎರಡು ಸುತ್ತು ನೋಡಿ, ಮೊದಲ ಸುತ್ತಿನಲ್ಲಿ ಯಾವುದನ್ನೂ ಓದಬೇಡಿ, ಎರಡನೆಯ ಸುತ್ತಿನಲ್ಲಿ ಕೆಲವೇ ಕೃತಿಗಳ ಮುಂದೆ ಬಹಳ ಹೊತ್ತು ನಿಲ್ಲಿ. ಇದಕ್ಕೆ ಕಾರಣ ತಿಳಿಯಬೇಕಾದರೆ ಕಲಾಮೇಳವನ್ನು ಯಾರು, ಯಾವ ಉದ್ದೇಶದಿಂದ ಜೋಡಿಸಿರುತ್ತಾರೆ ಎಂಬುದನ್ನು ಮೊದಲು ಗಮನಿಸಬೇಕು.

ಸಮಕಾಲೀನ ಕಲೆಗೆಂದೇ ಏರ್ಪಟ್ಟ ಇಂದಿನ ಬಗೆಯ ಮೇಳಗಳ ಆರಂಭವನ್ನು ಸಾಮಾನ್ಯವಾಗಿ 1967ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ, ಕಲಾವಿದರ ಕೃತಿಗಳನ್ನು ಪ್ರದರ್ಶಿಸಿ ಮಾರುವ 18 ಗ್ಯಾಲರಿಗಳು ಸೇರಿ ನಡೆಸಿದ ಕಲಾ ಮಾರುಕಟ್ಟೆಯಿಂದ ಗುರುತಿಸುತ್ತಾರೆ. 1970ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಂಥದೇ ಮೇಳ ಶುರುವಾಯಿತು. ನಮ್ಮಲ್ಲಿ 2008ರಲ್ಲಿ ದೆಹಲಿಯ ಪ್ರಗತಿ ಮೈದಾನದಲ್ಲಿ ಇಂಡಿಯಾ ಆರ್ಟ್ ಸಮಿಟ್ ಎಂಬ ಹೆಸರಿನಲ್ಲಿ 34 ಗ್ಯಾಲರಿಗಳೊಂದಿಗೆ ಆರಂಭವಾದದ್ದೇ ಈಗಿನ ಇಂಡಿಯಾ ಆರ್ಟ್ ಫೇರ್. ಈಗ ಅದು ಓಖ್ಲಾದ ಎನ್‌ಎಸ್‌ಐಸಿ ಮೈದಾನದಲ್ಲಿ ಹಾಕುವ ದೊಡ್ಡ ದೊಡ್ಡ ಡೇರೆಗಳಲ್ಲಿ ನಾಲ್ಕು ದಿನ ನಡೆಯುತ್ತದೆ. 2025ರ ಹದಿನಾರನೆಯ ಆವೃತ್ತಿಯಲ್ಲಿ ಭಾಗವಹಿಸಿದವರ ಸಂಖ್ಯೆ 120ಕ್ಕೆ ಮುಟ್ಟಿತ್ತು. ಈ ಎಲ್ಲ ಮೇಳಗಳ ಮೂಲ ವ್ಯವಸ್ಥೆ ಒಂದೇ. ಗ್ಯಾಲರಿಗಳು ಚದರ ಅಳತೆಯ ಲೆಕ್ಕದಲ್ಲಿ ಜಾಗಕ್ಕೆ ಬಾಡಿಗೆ ಕೊಟ್ಟು ಮಳಿಗೆ ಹಾಕುತ್ತವೆ. ಆ ಬಾಡಿಗೆ, ಸಾಗಣೆ, ವಿಮೆ, ಸಿಬ್ಬಂದಿಯ ಖರ್ಚು ಇವೆಲ್ಲವೂ ನಾಲ್ಕು ದಿನಗಳ ಮಾರಾಟದಿಂದ ಹುಟ್ಟಬೇಕು.

ಆದ್ದರಿಂದ ವಸ್ತುಸಂಗ್ರಹಾಲಯದಲ್ಲಿಯೋ ಕೇರಳದ ದೊಡ್ಡ ಕಲಾ ಪ್ರದರ್ಶನವಾದ ಕೊಚ್ಚಿ-ಮುಜಿರಿಸ್ ಬಿನಾಲೆಯಲ್ಲಿಯೋ ಸಿಗುವ ಒಂದು ಅನುಕೂಲ ಇಲ್ಲಿ ಸಿಗುವುದಿಲ್ಲ. ಅಲ್ಲಿ ಒಬ್ಬ ಕ್ಯುರೇಟರ್, ಅಂದರೆ ಕೃತಿಗಳನ್ನು ಆರಿಸಿ ಪ್ರದರ್ಶನವನ್ನು ರೂಪಿಸುವವರು, ಯಾವ ಕೃತಿಯ ಪಕ್ಕದಲ್ಲಿ ಯಾವುದು ಇದ್ದರೆ ಅರ್ಥ ತೆರೆದುಕೊಳ್ಳುತ್ತದೆ ಎಂದು ಯೋಚಿಸಿ ಇಟ್ಟಿರುತ್ತಾರೆ. ಮೇಳದಲ್ಲಿ ಪ್ರತಿ ಮಳಿಗೆಯೂ ತನ್ನಷ್ಟಕ್ಕೆ ತಾನು ಜೋಡಣೆಗೊಂಡಿರುತ್ತದೆ: ಹಿರಿಯ ಕಲಾವಿದರ ಬೆಲೆಬಾಳುವ ಕ್ಯಾನ್ವಾಸ್‌ನ ಎದುರು ಇಪ್ಪತ್ತೈದರ ಯುವಕನ ನೂಲಿನ ಕೆಲಸ, ಅದರ ಆಚೆ ಮಳಿಗೆಯಲ್ಲಿ ಗೊಂಡ ಕಲೆ, ಅದಕ್ಕೆ ಬೆನ್ನು ತಾಗಿಸಿ ವಿಡಿಯೊ. ಎರಡು ಮಳಿಗೆಗಳನ್ನು ದಾಟುವಷ್ಟರಲ್ಲಿ ನೋಡುವ ರೀತಿಯನ್ನೇ ಬದಲಿಸಿಕೊಳ್ಳಬೇಕಾಗುತ್ತದೆ. ಜೊತೆಗೆ ಬೆಲೆಯ ಗದ್ದಲವೂ ಇರುತ್ತದೆ. 2025ರ ಮಾರ್ಚ್‌ನಲ್ಲಿ ಎಂ.ಎಫ್. ಹುಸೇನರ 1954ರ ‘ಗ್ರಾಮಯಾತ್ರೆ’ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಮಾರಾಟವಾಯಿತು ಎಂಬ ಸುದ್ದಿಯನ್ನು ಓದಿದವರಿಗೆ, ಹುಸೇನರ ಇನ್ನೊಂದು ಚಿತ್ರವನ್ನು ಬರಿಯ ಚಿತ್ರವಾಗಿ ನೋಡುವುದು ಸ್ವಲ್ಪ ಕಷ್ಟವೇ. ಮೇಳದಲ್ಲಿ ಜನ ಗುಂಪುಗೂಡಿದ ಕಡೆಗೆ ನಾವೂ ನಡೆದುಬಿಡುತ್ತೇವೆ. ಅಲ್ಲಿ ಗುಂಪು ಸೇರಿರುವುದು ಕೃತಿಯ ಬಲದಿಂದಲೋ ಹೆಸರಿನ ಬಲದಿಂದಲೋ ಎಂದು ಆ ಕ್ಷಣದಲ್ಲಿ ಹೇಳಲಾಗುವುದಿಲ್ಲ.

ಮೊದಲ ಸುತ್ತನ್ನು ಓದದೆ ನಡೆಯಬೇಕೆಂದು ಹೇಳುವುದು ಈ ಕಾರಣಕ್ಕೆ. ಗೋಡೆಯ ಮೇಲಿನ ಚೀಟಿಯಲ್ಲಿ ಹೆಸರು ಕಂಡಕೂಡಲೇ ನಮ್ಮ ಕಣ್ಣು ವಿಧೇಯವಾಗಿಬಿಡುತ್ತದೆ. ಮಳಿಗೆಗಳ ನಕ್ಷೆಯನ್ನು ಕೈಯಲ್ಲಿ ಹಿಡಿದು, ಸಾಧಾರಣ ನಡಿಗೆಯ ವೇಗದಲ್ಲಿ ಎಲ್ಲ ಮಳಿಗೆಗಳನ್ನೂ ಒಮ್ಮೆ ಹಾದುಹೋಗಿ. ಕಾಲು ತಾನಾಗಿ ನಿಂತ ಕಡೆಯಲ್ಲಿ ಮಾತ್ರ ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳಿ. ಸೀರೆ ಅಂಗಡಿಯಲ್ಲಿ ಐವತ್ತು ಸೀರೆ ಬಿಡಿಸಿ ನೋಡಿದ ಮೇಲೂ ಮನಸ್ಸು ಮೊದಲೇ ಬದಿಗಿಟ್ಟ ಒಂದಕ್ಕೆ ಮರಳುವಂತೆ, ಇಲ್ಲಿಯೂ ಸುತ್ತು ಮುಗಿಯುವ ಹೊತ್ತಿಗೆ ನಾಲ್ಕೈದು ಕೃತಿಗಳು ಮಾತ್ರ ಮನಸ್ಸಿನಲ್ಲಿ ಉಳಿದಿರುತ್ತವೆ. ನಡುವೆ ದಣಿವಾದರೆ ಕುಳಿತುಕೊಳ್ಳಿ. ಸಂಗ್ರಹಾಲಯಗಳಲ್ಲಿ ನೋಡಿ ನೋಡಿ ಬರುವ ಈ ದಣಿವಿನ ಬಗ್ಗೆ ಅಮೆರಿಕದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಷ್ಟು ಹಿಂದೆಯೇ ಬರೆದಿದ್ದರು. ಅದು ನಿಮ್ಮ ಆಸಕ್ತಿಯ ಕೊರತೆಯೇನೂ ಅಲ್ಲ.

ಈ ಸುತ್ತಿನಲ್ಲಿ ಒಂದು ಎಚ್ಚರ ಬೇಕು. ಕನ್ನಡಿಯಂತೆ ಹೊಳೆಯುವ ಉಕ್ಕು, ಆಳೆತ್ತರದ ಫೈಬರ್ ಶಿಲ್ಪ, ನಿಯಾನ್ ದೀಪದ ಅಕ್ಷರಗಳು ಇವು ದೂರದಿಂದಲೇ ಕಣ್ಣನ್ನು ಎಳೆಯುತ್ತವೆ, ಅವುಗಳ ಮುಂದೆ ಸೆಲ್ಫಿಗಾಗಿ ಸಾಲು ನಿಂತಿರುತ್ತದೆ. ಅವುಗಳಲ್ಲಿ ಒಳ್ಳೆಯ ಕೃತಿಗಳಿರುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಮಳಿಗೆಯ ಪಕ್ಕದ ಗೋಡೆಯಲ್ಲಿ, ಒಳಮೂಲೆಯಲ್ಲಿ, ಕಾಗದದ ಮೇಲೆ ಸಣ್ಣದಾಗಿ ಮಾಡಿದ ರೇಖಾಚಿತ್ರ, ಜಲವರ್ಣ, ಲೋಹದ ತಗಡಿನಿಂದ ಕಾಗದಕ್ಕೆ ಒತ್ತಿ ತೆಗೆದ ಎಚ್ಚಿಂಗ್‌ಗಳಿರುವ ಜಾಗವನ್ನು ಬಿಡದೆ ನೋಡಬೇಕೆಂಬುದು ನನ್ನ ಪಕ್ಷಪಾತ. ಕಲಾವಿದರ ಕೈ ಹೇಗೆ ಯೋಚಿಸುತ್ತದೆ ಎಂಬುದು ಅಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಎರಡನೆಯ ಸುತ್ತು ಗುರುತು ಹಾಕಿದ ಕೃತಿಗಳಿಗೆ ಮಾತ್ರ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಜನರು ಒಂದು ಕೃತಿಯ ಮುಂದೆ ನಿಲ್ಲುವುದು ಸರಾಸರಿ 27 ಸೆಕೆಂಡು. ಅರ್ಧದಷ್ಟು ಸಂದರ್ಭಗಳಲ್ಲಿ 17 ಸೆಕೆಂಡನ್ನೂ ದಾಟುವುದಿಲ್ಲ, ಅದರಲ್ಲಿಯೂ ಒಂದಿಷ್ಟು ಕಾಲ ಚೀಟಿ ಓದುವುದಕ್ಕೇ ಹೋಗುತ್ತದೆ. ಶಾಂತವಾದ ಸಂಗ್ರಹಾಲಯದ ಗತಿಯೇ ಹೀಗಿದ್ದರೆ ಜನಜಂಗುಳಿಯ ಮೇಳದ ಗತಿಯನ್ನು ಊಹಿಸಬಹುದು. ನೀವು ಆರಿಸಿಕೊಂಡ ಕೃತಿಗೆ ಐದು ನಿಮಿಷ ಕೊಡಿ. ಮೊದಲು ದೂರ ನಿಂತು, ಆಮೇಲೆ ಹತ್ತಿರ ಬಂದು, ಮತ್ತೆ ದೂರ ಸರಿದು ನೋಡಿ. ಈ ಹತ್ತಿರ-ದೂರದ ಓಡಾಟ ಎಷ್ಟು ಮುಖ್ಯವೆಂಬುದಕ್ಕೆ ಮೈಸೂರಿನ ಎನ್.ಎಸ್. ಹರ್ಷ ಅವರ ಚಿತ್ರಗಳು ಒಳ್ಳೆಯ ನಿದರ್ಶನ. ಆರು ಫಲಕಗಳಲ್ಲಿ ಹರಡಿರುವ, 2008ರ ‘ಕಮ್ ಗಿವ್ ಅಸ್ ಎ ಸ್ಪೀಚ್’ ಎಂಬ ಕೃತಿಯನ್ನು ದೂರದಿಂದ ನೋಡಿದರೆ ಸಾಲು ಸಾಲಾಗಿ ಪುನರಾವರ್ತನೆಗೊಂಡ ವಿನ್ಯಾಸದಂತೆ ಕಾಣುತ್ತದೆ. ಹತ್ತಿರ ಹೋದಾಗ ಆ ಸಾಲುಗಳಲ್ಲಿ ಕುರ್ಚಿ ಹಾಕಿಕೊಂಡು ಭಾಷಣಕ್ಕೆ ಕಾದು ಕುಳಿತಂತಿರುವ ಒಬ್ಬೊಬ್ಬ ವ್ಯಕ್ತಿಯೂ ಬೇರೆ, ಅವರ ಉಡುಗೆ, ಭಂಗಿ, ಬೇಸರ ಎಲ್ಲವೂ ಬೇರೆ ಎಂಬುದು ತಿಳಿಯುತ್ತದೆ. ಅಂಥ ಕೃತಿಯನ್ನು 27 ಸೆಕೆಂಡಿನಲ್ಲಿ ನೋಡಿದವರು ವಿನ್ಯಾಸವನ್ನು ಮಾತ್ರ ಕಂಡು ಮುಂದೆ ಹೋಗಿರುತ್ತಾರೆ.

ಇಷ್ಟು ನೋಡಿದ ಮೇಲೆ ಚೀಟಿಯನ್ನು ಓದಿ, ಅದರಲ್ಲಿಯೂ ಎಲ್ಲರೂ ಬಿಟ್ಟುಬಿಡುವ ಸಾಲನ್ನು, ಅಂದರೆ ಕೃತಿಯನ್ನು ಯಾವ ವಸ್ತುಗಳಿಂದ ಮಾಡಲಾಗಿದೆ ಎಂಬುದನ್ನು ತಪ್ಪದೆ ಓದಿ. ಸಮಕಾಲೀನ ಕಲೆಯಲ್ಲಿ ಅರ್ಥದ ಬಹುಭಾಗ ಆ ಸಾಲಿನಲ್ಲಿಯೇ ಇರುತ್ತದೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ ಅವರ 1998ರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಎಂಬ ಕೃತಿ ಮೊದಲ ನೋಟಕ್ಕೆ ಗೋಡೆಯಿಂದ ಇಳಿಬಿದ್ದು ನೆಲದ ಮೇಲೆ ಸುರುಳಿಗೊಂಡ ಕೆಂಪು ಹಗ್ಗ. ವಸ್ತುಗಳ ಸಾಲು ದಾರ, ಸೂಜಿ, ಅಂಟು, ಕುಂಕುಮ ಎನ್ನುತ್ತದೆ. ನೂರಾರು ಅಡಿ ಉದ್ದದ ದಾರವನ್ನು ಸೂಜಿಯ ಕಣ್ಣಿನಲ್ಲಿ ಪೂರ್ತಿ ಎಳೆದು ತಂದು, ಅಂಥ ದಾರಗಳನ್ನು ಒಟ್ಟುಗೂಡಿಸಿ, ಅಂಟು ಬೆರೆಸಿದ ಕುಂಕುಮ ಸವರಿ ಹಗ್ಗವಾಗಿಸಿದ್ದಾರೆ. ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಉಳಿದಿವೆ. ಹೊಲಿಗೆಯ ದುಡಿಮೆ, ಹಣೆಗಿಡುವ ಬಣ್ಣ, ಚುಚ್ಚುವ ಮೊನೆ ಇವು ಒಂದೇ ವಸ್ತುವಿನಲ್ಲಿ ಸೇರಿರುವುದು ನಮ್ಮ ಮನೆಗಳಲ್ಲಿ ಬೆಳೆದವರಿಗೆ ವಿವರಣೆಯಿಲ್ಲದೆಯೇ ತಟ್ಟುತ್ತದೆ. ವಿದೇಶದ ವಿಮರ್ಶಕನೊಬ್ಬನಿಗೆ ಕುಂಕುಮವೆಂದರೆ ಏನೆಂದು ಅಡಿಟಿಪ್ಪಣಿ ಬೇಕಾಗುತ್ತದೆ, ನಿಮಗೆ ಬೇಡ.

‘ಓದಿಕೊಂಡವಳಲ್ಲ’ ಎಂದು ನೀವು ಬರೆದದ್ದಕ್ಕೆ ಇಲ್ಲಿಯೇ ಉತ್ತರ ಹೇಳಬಹುದು. ನೋಡುಗರು ತಮ್ಮ ಬಳಿ ಇರುವ ತಿಳಿವಳಿಕೆಯನ್ನು ತಿಳಿವಳಿಕೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ರಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯಾಗಿ ಸ್ವತಃ ಕಲಾವಿದೆಯೇ ವೇಷ ಕಟ್ಟಿ ನಿಂತಿದ್ದಾರೆ. ದೇವರ ಕೋಣೆಯಲ್ಲಿಯೂ ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿಯೂ ಆ ಲಕ್ಷ್ಮಿಯನ್ನು ವರ್ಷಗಟ್ಟಲೆ ಕಂಡವರಿಗೆ, ಈ ಫೋಟೊದಲ್ಲಿ ಏನು ಹಾಗೆಯೇ ಇದೆ, ಏನು ಬೇಕೆಂದೇ ಬಿಗಿಯಾಗಿದೆ, ನಾಟಕದ ಪರದೆಯಂತಿರುವ ಹಿನ್ನೆಲೆ ಏಕೆ ಮರೆಮಾಚಿಲ್ಲ ಎಂಬುದು ಕೂಡಲೇ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಮುಂದಿನ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಕೃತಿಯ ಜೊತೆ ತೂಗುಹಾಕಿರುವ ಪರಿಕಲ್ಪನೆಯ ಟಿಪ್ಪಣಿ ಅರ್ಥವಾಗದಿದ್ದರೆ ಬೇಸರಪಟ್ಟುಕೊಳ್ಳಬೇಕಿಲ್ಲ. ಅಂಥ ಟಿಪ್ಪಣಿಗಳಲ್ಲಿ ಅನೇಕವು ಬರೆದವರಿಗೂ ಪೂರ್ತಿ ಅರ್ಥವಾಗಿರಲಾರವು ಎಂಬ ಅನುಮಾನ ನನಗೆ ಬಹಳ ಹಿಂದಿನಿಂದ ಇದೆ.

ಆಮೇಲೆ ಮಳಿಗೆಯಲ್ಲಿರುವವರನ್ನು ಮಾತಾಡಿಸಿ. ಗ್ಯಾಲರಿಯ ಸಿಬ್ಬಂದಿ ಗಂಭೀರವಾಗಿ ಲ್ಯಾಪ್‌ಟಾಪ್ ನೋಡುತ್ತ ಕುಳಿತಿರುವುದರಿಂದ ಜನ ಹಿಂಜರಿಯುತ್ತಾರೆ, ಆದರೆ ಕೃತಿಯ ಬಗ್ಗೆ ಮಾತಾಡುವುದು ಅವರ ಕೆಲಸವೇ. ‘ಇದರ ಅರ್ಥವೇನು’ ಎಂದು ಕೇಳಿದರೆ ಕಂಠಪಾಠದ ಉತ್ತರ ಬರುತ್ತದೆ. ‘ಇದನ್ನು ಹೇಗೆ ಮಾಡಿದ್ದಾರೆ, ಇದಕ್ಕಿಂತ ಮೊದಲು ಏನು ಮಾಡುತ್ತಿದ್ದರು’ ಎಂದು ಕೇಳಿ ನೋಡಿ. ಅನೇಕ ಸಲ ಒಳಗಿಟ್ಟಿರುವ ಇನ್ನೆರಡು ಕೃತಿಗಳನ್ನೂ ತೆಗೆದು ತೋರಿಸುತ್ತಾರೆ. ಬೆಲೆಯನ್ನು ಹೆಚ್ಚಿನ ಮಳಿಗೆಗಳಲ್ಲಿ ಬರೆದಿರುವುದಿಲ್ಲ. ಕೊಳ್ಳುವವರಲ್ಲದಿದ್ದರೂ ಕುತೂಹಲಕ್ಕೆ ಕೇಳುವುದರಲ್ಲಿ ಸಂಕೋಚ ಬೇಡ, ಆದರೆ ಕೃತಿಯನ್ನು ನೋಡಿ ಮುಗಿಸುವವರೆಗೂ ಕೇಳಬೇಡಿ ಎಂಬುದು ನನ್ನ ಸಲಹೆ. ಬೆಲೆ ಕಿವಿಗೆ ಬಿದ್ದ ಮೇಲೆ ಕೃತಿ ದೊಡ್ಡದಾಗಿಯೋ ಸಣ್ಣದಾಗಿಯೋ ಕಾಣತೊಡಗುತ್ತದೆ. ಚೀಟಿಯ ಪಕ್ಕದಲ್ಲಿ ಕೆಂಪು ಚುಕ್ಕೆ ಅಂಟಿಸಿದ್ದರೆ ಅದು ಮಾರಾಟವಾಗಿದೆ ಎಂದರ್ಥ.

ದೆಹಲಿಗೆ ಹೋಗುವ ಮೊದಲು ಕಣ್ಣಿಗೂ ನಾಲಿಗೆಗೂ ಸ್ವಲ್ಪ ಅಭ್ಯಾಸ ಬೇಕೆನಿಸಿದರೆ ಬೆಂಗಳೂರಿನ ಚಿತ್ರಸಂತೆ ಇದೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಈ ಸಂತೆ ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಸೇರುತ್ತದೆ, ಪ್ರವೇಶಕ್ಕೆ ಟಿಕೆಟ್ ಇಲ್ಲ. ಅಲ್ಲಿ ಗ್ಯಾಲರಿ ನಡುವೆ ಇರುವುದಿಲ್ಲ. ಚಿತ್ರ ಬರೆದವರೇ ಪಕ್ಕದಲ್ಲಿ ಕುಳಿತಿರುತ್ತಾರೆ, ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುತ್ತಾರೆ. ಗುಣಮಟ್ಟದ ಏರಿಳಿತ ಅಲ್ಲಿ ಬಹಳ. ಗಣಪತಿ, ಕುದುರೆಗಳ ಓಟ, ಬುದ್ಧನ ಮುಖಗಳ ಸಾಲನ್ನು ದಾಟಿಕೊಂಡು ಒಂದು ಒಳ್ಳೆಯ ಮರಗೆತ್ತನೆಯ ಮುದ್ರಣವನ್ನು ಹುಡುಕಿ ತೆಗೆಯಬೇಕಾಗುತ್ತದೆ. ಅಭ್ಯಾಸಕ್ಕೆ ಅದೇ ಅನುಕೂಲ, ಏಕೆಂದರೆ ಅಲ್ಲಿ ನಿಮ್ಮ ಪರವಾಗಿ ಯಾರೂ ಮೊದಲೇ ಆರಿಸಿಟ್ಟಿರುವುದಿಲ್ಲ.

ಫೋಟೊ ತೆಗೆಯುವ ವಿಷಯದಲ್ಲಿ ಒಂದು ಮಾತು. ಮೊದಲ ಸುತ್ತಿನಲ್ಲಿ ಫೋನನ್ನು ಚೀಲದಲ್ಲಿಯೇ ಇಡಿ. ಎರಡನೆಯ ಸುತ್ತಿನಲ್ಲಿ ತೆಗೆಯುವುದಾದರೆ ಕೃತಿಯ ಜೊತೆಗೆ ಚೀಟಿಯದೂ ಒಂದು ಫೋಟೊ ಇರಲಿ. ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಹೆಸರಿಲ್ಲದ ಚಿತ್ರಗಳ ರಾಶಿ ಮಾತ್ರ ಉಳಿಯುತ್ತದೆ. ಕುಂಕುಮದ ಕೆಂಪು, ನೂಲಿನ ಒರಟುತನ, ಕಾಗದದಲ್ಲಿ ಎಚ್ಚಿಂಗ್ ತಗಡು ಒತ್ತಿದ ತಗ್ಗು ಇವು ಯಾವುವೂ ಫೋಟೊದಲ್ಲಿ ಬರುವುದಿಲ್ಲ.

ನೋಡುತ್ತ ನೋಡುತ್ತ ಕೊಳ್ಳುವ ಮನಸ್ಸಾಯಿತು ಎನ್ನಿ. ಆಗ ಮುದ್ರಣಗಳನ್ನೂ ಛಾಯಾಚಿತ್ರಗಳನ್ನೂ ಮೊದಲು ವಿಚಾರಿಸಿ. ಒಂದೇ ಕೃತಿಯ ನಿಗದಿತ ಪ್ರತಿಗಳಿರುವುದರಿಂದ ಅದೇ ಕಲಾವಿದರ ಕ್ಯಾನ್ವಾಸ್‌ಗಿಂತ ಸಾಮಾನ್ಯವಾಗಿ ಅಗ್ಗ. ಕೆಳಗೆ ಪೆನ್ಸಿಲ್ಲಿನಲ್ಲಿ 3/10 ಎಂದು ಬರೆದಿದ್ದರೆ ಒಟ್ಟು ಹತ್ತು ಪ್ರತಿಗಳಲ್ಲಿ ಇದು ಮೂರನೆಯದು. ಹೇಳಿದ ಬೆಲೆಯಲ್ಲಿ ತೆರಿಗೆ, ಚೌಕಟ್ಟು, ಸಾಗಣೆ ಸೇರಿವೆಯೇ ಎಂದು ಕೇಳಿ, ಕಲಾವಿದರ ಸಹಿಯಿರುವ ಪ್ರಮಾಣಪತ್ರವನ್ನು ಪಡೆಯಿರಿ. ಮುಂದೆ ಬೆಲೆ ಏರುತ್ತದೆಂಬ ಆಸೆಯಿಂದ ಕೊಳ್ಳುವುದಾದರೆ ನನ್ನನ್ನು ಕೇಳಬೇಡಿ.

ಹೋಗುವ ದಿನದ ಬಗ್ಗೆ: ಆರಂಭದ ಪೂರ್ವವೀಕ್ಷಣೆ ಆಹ್ವಾನಿತರಿಗೆ ಮೀಸಲು, ಶನಿವಾರ ಮತ್ತು ಭಾನುವಾರ ಜನಸಂದಣಿ ವಿಪರೀತ. ಸಾರ್ವಜನಿಕರಿಗೆ ತೆರೆದಿರುವ ವಾರದ ದಿನ ಸಿಕ್ಕರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮೆಟ್ರೊದ ಮಜೆಂಟಾ ಮಾರ್ಗದಲ್ಲಿ ಓಖ್ಲಾ ಎನ್‌ಎಸ್‌ಐಸಿ ಎಂಬ ನಿಲ್ದಾಣವೇ ಇದೆ. ಮಗಳನ್ನು ಕರೆದುಕೊಂಡು ಹೋಗಿ, ಆದರೆ ಮೊದಲ ಸುತ್ತನ್ನು ಇಬ್ಬರೂ ಬೇರೆ ಬೇರೆಯಾಗಿ ನಡೆದು, ಆಮೇಲೆ ಗುರುತುಗಳನ್ನು ಹೋಲಿಸಿ ನೋಡಿ. ಒಬ್ಬರು ನಿಂತ ಕಡೆ ಇನ್ನೊಬ್ಬರೇಕೆ ನಿಲ್ಲಲಿಲ್ಲ ಎಂದು ಮಾತಾಡಿಕೊಳ್ಳುವಾಗ ನಿಮ್ಮ ಇಷ್ಟ ಯಾವ ಕಡೆಗಿದೆ ಎಂಬುದು ಚೀಟಿಗಳನ್ನು ಓದುವುದಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ.

ಮನಸ್ಸಿನಲ್ಲಿ ಉಳಿದ ನಾಲ್ಕೈದು ಹೆಸರುಗಳನ್ನು ಊರಿಗೆ ಮರಳಿದ ಮೇಲೂ ಬಿಡಬೇಡಿ. ಮೇಳದಲ್ಲಿ ಒಬ್ಬ ಕಲಾವಿದರದು ಒಂದೋ ಎರಡೋ ಕೃತಿ ಕಾಣುತ್ತದೆ; ಅವು ಆ ಕಲಾವಿದರ ದಾರಿಯ ಯಾವ ಹಂತದವು ಎಂಬುದು ಏಕವ್ಯಕ್ತಿ ಪ್ರದರ್ಶನದಲ್ಲಿ ಮಾತ್ರ ತಿಳಿಯುತ್ತದೆ. ಬೆಂಗಳೂರಿನ ಖಾಸಗಿ ಗ್ಯಾಲರಿಗಳಲ್ಲಿ ಇಂಥ ಪ್ರದರ್ಶನಗಳನ್ನು ಸಾಮಾನ್ಯವಾಗಿ ಉಚಿತವಾಗಿ ನೋಡಬಹುದು. ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿಯೂ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿ) ಸಂಗ್ರಹಾಲಯದಲ್ಲಿಯೂ ಅದೇ ಕಲಾವಿದರ, ಇಲ್ಲವೇ ಅವರು ಯಾರಿಂದ ಕಲಿತರೋ ಅಂಥವರ ಕೃತಿಗಳು ಸಿಗುವ ಸಾಧ್ಯತೆ ಇದೆ. ಅಲ್ಲಿ ಮಾರಾಟದ ಅವಸರವಿಲ್ಲದೆ, ಬೇಕಾದಷ್ಟು ಹೊತ್ತು ಕುಳಿತು ನೋಡಬಹುದು.