ಸರಾಸರಿ ಏರಿದರೂ ಅಂತರ ಉಳಿಯುವುದೇಕೆ? ಇಂಗ್ಲೆಂಡ್‌ನ ಪ್ರಾದೇಶಿಕ ಆರೋಗ್ಯ ನಾಯಕತ್ವ: ಅಧ್ಯಯನ ಟಿಪ್ಪಣಿ

ಮೊದಲು ಒಂದು ಲೆಕ್ಕ ಮಾಡಿ ನೋಡೋಣ. ಮಕ್ಕಳ ಸಂಖ್ಯೆ ಸಮಾನವಾಗಿರುವ ಎರಡು ಬಡಾವಣೆಗಳಿವೆ ಅಂದುಕೊಳ್ಳಿ. ಒಂದರಲ್ಲಿ ನೂರಕ್ಕೆ 90 ಮಕ್ಕಳಿಗೆ ಲಸಿಕೆ ಆಗಿದೆ, ಇನ್ನೊಂದರಲ್ಲಿ 70. ಅಭಿಯಾನ ಮುಗಿದಾಗ ಮೊದಲನೆಯದು 98ಕ್ಕೆ ಏರಿತು, ಎರಡನೆಯದು 72ಕ್ಕೆ. ಸರಾಸರಿ 80ರಿಂದ 85 ಆಯಿತು. ಆದರೆ 20 ಇದ್ದ ಅಂತರ 26 ಆಯಿತು, ಅಲ್ವಾ? ಈ ಎರಡನೇ ಲೆಕ್ಕ ಎಲ್ಲರ ಕಣ್ಣಿಗೆ ಬೀಳುವಂತೆ ಮಾಡುವುದೇ ಆರೋಗ್ಯ ನಾಯಕರ ಮೊದಲ ಕೆಲಸ.

ಹೀಗೇಕೆ ಆಗುತ್ತದೆ? ಯಾವ ಸೇವೆ ಶುರುವಾದರೂ ಬಿಡುವು, ವಾಹನ, ಮಾಹಿತಿ ಇರುವವರು ಮೊದಲು ಬರುತ್ತಾರೆ. ವೇಲ್ಸ್‌ನ ಗಣಿ ಊರೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಇದನ್ನು ಗುರುತಿಸಿದ್ದರು: ಆರೈಕೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ.

ಆರೋಗ್ಯದ ಅಸಮಾನತೆಯನ್ನು ಅಧ್ಯಯನ ಮಾಡುವ ಬ್ರಿಟಿಷ್ ತಜ್ಞ ಮೈಕೆಲ್ ಮಾರ್ಮಟ್ ಅವರ 2010ರ ವರದಿ ಇಂಗ್ಲೆಂಡ್‌ನ ಚಿತ್ರವನ್ನು ಬಿಡಿಸಿಟ್ಟಿತು. ತೀರಾ ಬಡ ಬಡಾವಣೆಗಳ ಜನ ಸಿರಿವಂತ ಬಡಾವಣೆಗಳವರಿಗಿಂತ ಸರಾಸರಿ 7 ವರ್ಷ ಮೊದಲೇ ಸಾಯುತ್ತಿದ್ದರು. ಅಂಗವೈಕಲ್ಯವಿಲ್ಲದೆ ಬದುಕುವ ವರ್ಷಗಳಲ್ಲಿ ಅಂತರ 17. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಇದು ಬಡವರು, ಶ್ರೀಮಂತರು ಎಂಬ ಎರಡೇ ಗುಂಪಿನ ಮಾತಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಪ್ರತಿ ಹಂತದಲ್ಲೂ ವ್ಯತ್ಯಾಸವಿದೆ. ಅದಕ್ಕೇ ಮಾರ್ಮಟ್ ಹೇಳಿದ ದಾರಿ: ಸೇವೆ ಎಲ್ಲರಿಗೂ ಇರಲಿ, ಕೊರತೆ ಹೆಚ್ಚಿದ್ದಷ್ಟೂ ಒತ್ತು ಹೆಚ್ಚಲಿ.

ಇನ್ನು ಅಧಿಕಾರದ ಪ್ರಶ್ನೆ. ನನ್ನ ಪ್ರಕಾರ ಈ ಪಾಠದ ತಿರುಳೇ ಇದು. ಆರೋಗ್ಯ ಸೇವೆಯ ವ್ಯವಸ್ಥೆಯನ್ನು ಬದಲಿಸಿದ 2012ರ ಕಾಯ್ದೆಯಂತೆ 2013ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಆರೋಗ್ಯದ ಹೊಣೆ ನಮ್ಮ ನಗರಸಭೆಗಳಂಥ ಸ್ಥಳೀಯ ಕೌನ್ಸಿಲ್‌ಗಳಿಗೆ ಬಂತು. ಅಲ್ಲಿನ ಸಾರ್ವಜನಿಕ ಆರೋಗ್ಯ ನಿರ್ದೇಶಕರ ಕೈಯಲ್ಲಿ ಆಸ್ಪತ್ರೆಗಳಿಲ್ಲ. ಮನೆ, ಶಾಲೆ, ಬಸ್ಸು, ಉದ್ಯೋಗ ಎಲ್ಲವೂ ಬೇರೆಯವರ ಕೈಯಲ್ಲಿ. ಕಾಯಿಲೆಯ ಬೇರು ಇರುವುದೂ ಅಲ್ಲೇ. ಹಾಗಾಗಿ ಅವರು ಆದೇಶ ಹೊರಡಿಸಿ ಗೆಲ್ಲಲಾರರು, ಒಪ್ಪಿಸಿ ಗೆಲ್ಲಬೇಕು. ಅದಕ್ಕೆ ಒಂದು ಒಳ್ಳೆಯ ಸಾಧನವಿದೆ. ಜನರ ಆರೋಗ್ಯದ ಬಗ್ಗೆ ಅವರು ಪ್ರತಿ ವರ್ಷ ವರದಿ ಬರೆಯಬೇಕು, ಕೌನ್ಸಿಲ್ ಅದನ್ನು ಪ್ರಕಟಿಸಲೇಬೇಕು. ಇದನ್ನು ಸುಮ್ನೆ ಶಾಸ್ತ್ರಕ್ಕೆ ಬರೆದರೆ ದೊಡ್ಡ ಅವಕಾಶ ಕೈತಪ್ಪಿದಂತೆ.

ಮಾರ್ಮಟ್ ಹೇಳಿದ ದಾರಿಯಲ್ಲಿ ನಡೆಯಲು ಒಪ್ಪಿ 2013ರಲ್ಲಿ ‘ಮಾರ್ಮಟ್ ನಗರ’ವಾದ ಕೊವೆಂಟ್ರಿಯನ್ನು ನೋಡಿ. ಅಲ್ಲಿ ಅಗ್ನಿಶಾಮಕ ಸೇವೆಯೂ ಪಾಲುದಾರ. ಬೆಂಕಿ ಸುರಕ್ಷತೆಗೆಂದು ಮನೆಗಳಿಗೆ ಹೋಗುವವರು ಅಲ್ಲಿರುವವರ ಆರೋಗ್ಯ, ಯೋಗಕ್ಷೇಮವನ್ನೂ ವಿಚಾರಿಸಬಹುದು. ಕ್ಲಿನಿಕ್‌ಗೆ ಬಾರದವರನ್ನು ತಲುಪುವ ದಾರಿ ಇದು.

ಪ್ರಾದೇಶಿಕ ಮಟ್ಟ ಏಕೆ ಬೇಕು ಅಂದರೆ, ಉದ್ಯೋಗ, ಸಾರಿಗೆ, ಹೊಗೆ ತುಂಬಿದ ಗಾಳಿ ಯಾವುದೂ ಒಂದು ಕೌನ್ಸಿಲ್‌ನ ಗಡಿಯಲ್ಲಿ ನಿಲ್ಲುವುದಿಲ್ಲ. ಗ್ರೇಟರ್ ಮ್ಯಾಂಚೆಸ್ಟರ್‌ನ 10 ಕೌನ್ಸಿಲ್‌ಗಳು ಇದಕ್ಕೇ ಒಟ್ಟಾದವು. 2016ರ ಏಪ್ರಿಲ್‌ನಿಂದ ಸುಮಾರು 600 ಕೋಟಿ ಪೌಂಡ್‌ಗಳ ಆರೋಗ್ಯ ಮತ್ತು ಸಾಮಾಜಿಕ ಆರೈಕೆ (ವೃದ್ಧರು, ಅಂಗವಿಕಲರಂಥವರಿಗೆ ನಿತ್ಯದ ನೆರವು) ಬಜೆಟ್‌ನ ನಿರ್ಧಾರಗಳಲ್ಲಿ ಅವಕ್ಕೆ ದನಿ ಸಿಕ್ಕಿತು.

ಆದರೂ ಪ್ರದೇಶದ ಕೈಗೆ ಮಿತಿಯಿದೆ. 2015ರ ನಂತರ ಕೇಂದ್ರ ಸರ್ಕಾರ ಕೊಡುವ ಸಾರ್ವಜನಿಕ ಆರೋಗ್ಯ ಅನುದಾನದ ನಿಜಮೌಲ್ಯ (ಬೆಲೆಯೇರಿಕೆ ಕಳೆದ ಮೇಲಿನ ಮೌಲ್ಯ) ಕುಗ್ಗಿತು. ಮಾರ್ಮಟ್ 2020ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ತೀರಾ ಹಿಂದುಳಿದ ಶೇ. 10ರಷ್ಟು ಬಡಾವಣೆಗಳಲ್ಲಿ ಮಹಿಳೆಯರ ಜೀವಿತಾವಧಿ ಇಳಿದಿತ್ತು. ಆದ್ದರಿಂದ ಒಬ್ಬ ಪ್ರಾದೇಶಿಕ ನಾಯಕರ ಕೆಲಸವನ್ನು ಅಳೆಯುವ ಪ್ರಶ್ನೆ ಬಂದರೆ, ಅಂತರ ಕುಗ್ಗಿತೇ ಎಂದಷ್ಟೇ ನೋಡಬೇಡಿ. ಅದೇ ಸ್ಥಿತಿಯಲ್ಲಿದ್ದ ಬೇರೆ ಪ್ರದೇಶಗಳಲ್ಲಿ ಆ ಅವಧಿಯಲ್ಲಿ ಏನಾಯಿತು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಿ.